ಪ್ರೈವೇಟ್ ನಂಬರ್ ಕೊಟ್ಟನೇನು?

ಚಿಕ್ಕಜಾಜೂರು ಎಂದರೆ ಬಹಳ ಜನಕ್ಕೆ ಒಂದು ಅರೆನಿದ್ದೆಯ ಹೆಸರು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ರೈಲು ನಿಂತಾಗ ಒಂದು ಕಣ್ಣು ಬಿಟ್ಟು, ಹಳದಿ ಹಲಗೆ ಓದಿ, ‘ಇನ್ನೂ ದಾವಣಗೆರೆ ಬಂದಿಲ್ಲ’ ಎಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಗೆ ಹೋಗುವವರಿಗೆ ಮಾತ್ರ ಅದು ಗಂಟುಮೂಟೆ ಇಳಿಸಿಕೊಂಡು ಕಾಯುವ ಜಂಕ್ಷನ್. ಅಂಥ ಊರಿನ ಒಂದು ಅಟ್ಟದ ಮೇಲೆ ಕೂತು ನಾನು ಕೆಲವು ವರ್ಷ ಮನಿಲಾ, ಕ್ರಾಕೋವ್, ಸಿನ್ಸಿನಾಟಿ, ಬೆಂಗಳೂರುಗಳ ಜನರಿಂದ ಕೆಲಸ ತೆಗೆಸಿದೆ ಎಂದರೆ ಊರಿನವರೇ ನಂಬುವುದಿಲ್ಲ. ‘ಏನ್ ಕೆಲಸ?’ ಎಂದು ಕೇಳುತ್ತಾರೆ. ‘ಅವರು ಮಾಡೋ ಕೆಲಸ ಸರಿಯಾಗಿ ಆಗ್ತಾ ಐತಾ ಅಂತ ನೋಡೋದು’ ಎಂದರೆ, ‘ಹಂಗಾದ್ರೆ ನೀನೇನೂ ಮಾಡಲ್ಲ’ ಎಂದು ಸರಿಯಾದ ತೀರ್ಮಾನಕ್ಕೇ ಬರುತ್ತಾರೆ.

2020ರ ಯುಗಾದಿ ಮಾರ್ಚ್ 25ಕ್ಕೆ ಬಿದ್ದಿತ್ತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದವನು ಹೋಳಿಗೆಗೆ ಕೈ ಹಾಕುವ ಮೊದಲೇ ದೇಶಕ್ಕೆ ಬೀಗ ಬಿತ್ತು. ಕಂಪನಿ ‘ಎರಡು ವಾರ ಮನೆಯಿಂದಲೇ ಮಾಡಿ’ ಎಂದಿತು. ಆ ಎರಡು ವಾರ ನೆನೆಸಿದ ಕಡಲೆಯಂತೆ ಉಬ್ಬುತ್ತಾ ಹೋಯಿತು. ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಹೊರಗುತ್ತಿಗೆ ಕಂಪನಿಗಳ ನೋಂದಣಿಯ ತಂಟೆಗಳನ್ನು ತೆಗೆದುಹಾಕಿ, ಮನೆಯಿಂದ ದುಡಿಯುವುದಕ್ಕೆ ದಾರಿ ಸಲೀಸು ಮಾಡಿದ ಮೇಲಂತೂ, ಅಟ್ಟದ ಅಡಿಕೆ ಚೀಲಗಳಿಗೆ ಬೇರೆ ಜಾಗ ನೋಡಬೇಕೆಂಬುದು ಅಮ್ಮನಿಗೆ ಖಾತ್ರಿಯಾಯಿತು. ನಮ್ಮ ತಂಡದ ಕೆಲಸವೇನೂ ರಾಕೆಟ್ ಹಾರಿಸುವುದಲ್ಲ. ಒಂದು ದೊಡ್ಡ ಕಂಪನಿಗೆ ಸಾಮಾನು ಕೊಟ್ಟವರ ಬಿಲ್ಲುಗಳು ಹೊತ್ತಿಗೆ ಸರಿಯಾಗಿ ಪಾವತಿಯಾಗಬೇಕು, ಅಷ್ಟೇ. ಬಿಲ್ಲು ಬರುವುದು ಒಂದು ದೇಶಕ್ಕೆ, ಅದನ್ನು ಪರೀಕ್ಷಿಸುವವರು ಇನ್ನೊಂದು ದೇಶದಲ್ಲಿ, ಒಪ್ಪಿಗೆ ಕೊಡುವವರು ಮತ್ತೊಂದು ದೇಶದಲ್ಲಿ, ತಪ್ಪಾದರೆ ಬೈಸಿಕೊಳ್ಳುವವನು ಚಿಕ್ಕಜಾಜೂರಿನಲ್ಲಿ.

ಇದನ್ನೆಲ್ಲ ಕೆಳಗಿನ ಹಜಾರದಲ್ಲಿ ಕೂತು ಆಲಿಸುತ್ತಿದ್ದವರು ನಮ್ಮಪ್ಪ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಇಂಗ್ಲಿಷು ಅರ್ಥವಾಗುತ್ತದೆ, ಕಿವಿ ಚುರುಕು, ಹೊತ್ತು ಧಾರಾಳ. ಇಂಥವರಿದ್ದ ಮನೆಯಲ್ಲಿ ಆಫೀಸಿನ ಗುಟ್ಟು ಉಳಿಯುವುದು ಕಷ್ಟ. ಮೊದಲ ತಿಂಗಳಲ್ಲೇ ಅವರು ನನ್ನ ಹುದ್ದೆಯನ್ನು ಗುರುತು ಹಿಡಿದುಬಿಟ್ಟರು. ‘ನೀನು ಮಾಡೋದು ಕಂಟ್ರೋಲರ್ ಕೆಲಸ’ ಅಂದರು.

ರೈಲ್ವೆಯ ಸೆಕ್ಷನ್ ಕಂಟ್ರೋಲರ್ ಮೈಸೂರಿನ ವಿಭಾಗೀಯ ಕಚೇರಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎದುರಿಗೆ ಚಾರ್ಟ್ ಇಟ್ಟುಕೊಂಡು ಕೂತಿರುತ್ತಾನೆ. ಯಾವ ಗಾಡಿ ಮುಂದೆ, ಯಾವುದು ಲೂಪ್ ಲೈನಿಗೆ, ಯಾವ ಗೂಡ್ಸು ಬೆಳಗಿನವರೆಗೂ ನಿಂತಿರಲಿ ಎನ್ನುವುದೆಲ್ಲ ಅವನ ಮಾತು. ಅವನಿಗೆ ಸ್ಟೇಷನ್ ಕಾಣುವುದಿಲ್ಲ, ಸ್ಟೇಷನ್ನಿನವರಿಗೆ ಅವನು ಕಾಣುವುದಿಲ್ಲ. ಅಪ್ಪ ಒಬ್ಬ ಕಂಟ್ರೋಲರನ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದ್ದರು, ಮುಖ ನೋಡಿರಲಿಲ್ಲ. ಒಮ್ಮೆ ಮೈಸೂರಿಗೆ ಟ್ರೈನಿಂಗಿಗೆ ಹೋದಾಗ ಕ್ಯಾಂಟೀನಿನಲ್ಲಿ ಹಿಂದಿನ ಬೆಂಚಿನಿಂದ ‘ಹಾಂ, ಹೇಳಿ’ ಎಂಬ ಎರಡು ಮಾತು ಕೇಳಿತಂತೆ. ಕೈಯಲ್ಲಿದ್ದ ದೋಸೆ ಬಿಟ್ಟು, ತಿರುಗಿ ಕೈಮುಗಿದು, ‘ಸಾರ್, ಚಿಕ್ಕಜಾಜೂರು’ ಅಂದರಂತೆ. ಆತನೂ ಎದ್ದು ನಿಂತು, ‘ಆವತ್ತು ಮಳೆ ರಾತ್ರಿ ಗೂಡ್ಸ್ ಗಾಡಿ ನಿಲ್ಲಿಸ್ಕೊಂಡಿದ್ದೋರು ನೀವೇ ಅಲ್ವಾ?’ ಎಂದನಂತೆ. ನಾನು ಸಿನ್ಸಿನಾಟಿಯ ಸಹೋದ್ಯೋಗಿಯನ್ನು ಪರದೆಯ ಮೇಲೆ ಹೆಗಲಿನಿಂದ ಮೇಲಕ್ಕೆ ಮಾತ್ರ ಬಲ್ಲೆ. ಆತ ಎದ್ದು ನಿಂತರೆ ಎಷ್ಟೆತ್ತರವೋ ದೇವರೇ ಬಲ್ಲ. ಅಪ್ಪನ ಕತೆ ಕೇಳಿದ ಮೇಲೆ ಅದೊಂದು ಕೊರತೆ ಅನಿಸುವುದು ನಿಂತಿತು.

ಹಾಗೆ ನೋಡಿದರೆ ದೂರದವರಿಂದ ಆಳಿಸಿಕೊಳ್ಳುವುದು ನಮ್ಮೂರಿಗೆ ಹೊಸದಲ್ಲ. ಸದರನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ. ಹಳಿ ಬಿದ್ದಿದ್ದು ಧಾರವಾಡ, ಹರಿಹರ, ಬೀರೂರುಗಳ ನಡುವೆ. ಷೇರುದಾರರಿಗೆ ಜಾಜೂರು ಎಲ್ಲಿದೆಯೆಂದು ಗೊತ್ತಿರಲಾರದು. ಆದರೂ ಇಲ್ಲಿನ ಪಾಯಿಂಟ್ಸ್‌ಮನ್ ಯಾವ ಹೊತ್ತಿಗೆ ಯಾವ ಬಣ್ಣದ ದೀಪ ಹಿಡಿಯಬೇಕೆಂಬುದು ಅವರ ಕಂಪನಿಯ ರೂಲು ಪುಸ್ತಕದಲ್ಲಿತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿ ‘ಎಂ ಅಂಡ್ ಎಸ್ಸೆಂ’ ಆಯಿತು. 1921ರಲ್ಲಿ ಇಲ್ಲಿಂದ ಚಿತ್ರದುರ್ಗಕ್ಕೆ ಕವಲು ಮಾರ್ಗ ತೆರೆದು ಊರಿಗೆ ಜಂಕ್ಷನ್ ಎಂಬ ಬಿರುದು ಬಂತು. ಇದೇ ಮೈಸೂರು ಸೀಮೆಯ ಕೋಲಾರದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾರ್ನ್‌ವಾಲ್‌ನವರನ್ನೂ ಇಟಲಿಯವರನ್ನೂ ನಮ್ಮವರನ್ನೂ ಒಂದೇ ಸುರಂಗಕ್ಕೆ ಇಳಿಸಿ ಚಿನ್ನ ತೆಗೆಸುತ್ತಿತ್ತು. ಸಂಬಳ ಮಾತ್ರ ಚರ್ಮದ ಬಣ್ಣ ನೋಡಿ. ಬಹುರಾಷ್ಟ್ರೀಯ ಕಂಪನಿ ಎಂದರೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಶುರುವಾದದ್ದು ಎಂದು ನಮ್ಮ ಆಫೀಸಿನ ಹುಡುಗರು ತಿಳಿದಿದ್ದಾರೆ. ಅವರ ಮುತ್ತಜ್ಜಂದಿರು ಅದರ ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ್ದರು.

ಇನ್ನು ಗಡಿಯಾರ. ರೈಲ್ವೆಯವರು ಬಹಳ ಕಾಲ ಮದರಾಸು ಟೈಮಿನಲ್ಲಿ ಗಾಡಿ ಓಡಿಸಿದರು. ಅದು ಇವತ್ತಿನ ನಮ್ಮ ಗಡಿಯಾರಕ್ಕಿಂತ ಸುಮಾರು ಒಂಬತ್ತು ನಿಮಿಷ ಹಿಂದೆ. 1906ರಲ್ಲಿ ಇಡೀ ದೇಶಕ್ಕೆಂದು ಒಂದೇ ಸಮಯ ಗೊತ್ತುಮಾಡಿದರು, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧ ಗಂಟೆಯ ಬಾಲ ಹಾಕಿದ ಮಹಾನುಭಾವರು ಸಿಕ್ಕಿದ್ದರೆ ಒಂದು ಮಾತು ಕೇಳುತ್ತಿದ್ದೆ. ನಮ್ಮ ಮೀಟಿಂಗು ಸಿನ್ಸಿನಾಟಿಯ ಬೆಳಗಿನ ಎಂಟಕ್ಕೆ ಕಟ್ಟಿದ್ದು. ಚಳಿಗಾಲದಲ್ಲಿ ಅದು ಜಾಜೂರಿನಲ್ಲಿ ಸಂಜೆ ಆರೂವರೆ, ಕ್ರಾಕೋವ್‌ನಲ್ಲಿ ಮಧ್ಯಾಹ್ನ ಎರಡು, ಮನಿಲಾದಲ್ಲಿ ರಾತ್ರಿ ಒಂಬತ್ತು. ಮಾರ್ಚಿನ ಎರಡನೇ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನಮಗೆ ಮೀಟಿಂಗು ಐದೂವರೆಗೆ ಜಾರುತ್ತಿತ್ತು. ಯೂರೋಪಿನವರು ತಿರುಗಿಸುವುದು ಅದೇ ತಿಂಗಳ ಕೊನೆಯ ಭಾನುವಾರ. ನಡುವಿನ ಆ ಎರಡು ಮೂರು ವಾರ ಕ್ರಾಕೋವ್‌ನವನು ಒಂದು ಗಂಟೆಗೆ ಊಟದ ತಟ್ಟೆ ಹಿಡಿದೇ ಮೀಟಿಂಗಿಗೆ ಬರುತ್ತಿದ್ದ. ಐದೂವರೆಗೆ ನಮ್ಮ ಬೀದಿಯಲ್ಲಿ ಹಾಲು ಹಾಕಲು ಹೊರಡುವ ಎಮ್ಮೆಯವರ ಗಲಾಟೆ. ಸರ್ಕಾರಗಳು ಗಡಿಯಾರ ತಿರುಗಿಸಬಹುದು, ಎಮ್ಮೆಯ ಕೆಚ್ಚಲು ತಿರುಗಿಸಲಾರವು.

ಅಪ್ಪನಿಗೆ ಇದೆಲ್ಲ ಶಿಸ್ತುಗೇಡು. ‘ನಮ್ಮಲ್ಲಿ ದಿನಾ ಸಂಜೆ ನಾಲ್ಕಕ್ಕೆ ಕಂಟ್ರೋಲಿನಿಂದ ಟೈಮ್ ಸಿಗ್ನಲ್ ಬರೋದು. ಎಲ್ಲಾ ಸ್ಟೇಷನ್ ಗಡಿಯಾರ ಅದಕ್ಕೇ ಸರಿಮಾಡ್ಕೋಬೇಕು’ ಎನ್ನುತ್ತಾ, ಈಗಲೂ ನಾಲ್ಕಕ್ಕೆ ಸರಿಯಾಗಿ ಗೋಡೆ ಗಡಿಯಾರದ ಕೆಳಗೆ ನಿಂತು ಮುಳ್ಳು ಮುಟ್ಟಿ ಬರುತ್ತಾರೆ.

ಕಂಪನಿ ಒಮ್ಮೆ ನಮಗೆಲ್ಲ ತರಬೇತಿ ಕೊಡಿಸಿತು: ಬೇರೆ ಸಂಸ್ಕೃತಿಯವರನ್ನು ಸಂಭಾಳಿಸುವುದು ಹೇಗೆ. ಹಾಫ್‌ಸ್ಟೆಡ್ ಎಂಬ ಡಚ್ ವಿದ್ವಾಂಸರು ಐಬಿಎಂ ನೌಕರರ ಸಮೀಕ್ಷೆಗಳನ್ನು ಜಾಲಾಡಿ 1980ರಲ್ಲಿ ಒಂದು ದೊಡ್ಡ ಪುಸ್ತಕ ಬರೆದರು. ಮೇಲಿನವನು ಮೇಲೆ, ಕೆಳಗಿನವನು ಕೆಳಗೆ ಎಂಬುದನ್ನು ಜನ ಎಷ್ಟು ಸಹಜವಾಗಿ ಒಪ್ಪಿಕೊಳ್ಳುತ್ತಾರೆ ಎಂಬುದಕ್ಕೆ ದೇಶದೇಶಕ್ಕೂ ಅಂಕ ಹಾಕಿದರು. ಅಮೆರಿಕಕ್ಕೆ 40, ಭಾರತಕ್ಕೆ 77, ಫಿಲಿಪ್ಪೀನ್ಸ್‌ಗೆ 94. ಊಟದ ಹೊತ್ತಿಗೆ ಈ ಅಂಕಪಟ್ಟಿ ಅಪ್ಪನಿಗೆ ಹೇಳಿದೆ. ‘ಎಪ್ಪತ್ತೇಳು ಅಂದ್ರೆ ಡಿಸ್ಟಿಂಕ್ಷನ್. ಆ ಮನಿಲಾದವರು ಮಾತ್ರ ರ‍್ಯಾಂಕ್’ ಎಂದು ಅನ್ನ ಕಲಸಿದರು.

ಮನಿಲಾದ ತಂಡ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ನಿಜಕ್ಕೂ ರ‍್ಯಾಂಕಿನವಳೇ. ಏನು ಹೇಳಿದರೂ ‘ಯೆಸ್ ಸಾರ್’. ಶುಕ್ರವಾರದೊಳಗೆ ಆಗುತ್ತಾ? ಯೆಸ್ ಸಾರ್. ಜನ ಕಮ್ಮಿ ಇದ್ದಾರಲ್ಲ, ಆಗುತ್ತಾ? ಯೆಸ್ ಸಾರ್. ಶುಕ್ರವಾರ ಬಂದಾಗ ಕೆಲಸ ಅರ್ಧ. ಅದಕ್ಕೆ ಮಾತ್ರ ಎಷ್ಟು ದುಃಖದಿಂದ ಕ್ಷಮೆ ಕೇಳುತ್ತಿದ್ದಳೆಂದರೆ ಬೈಯಲು ನಾಲಗೆ ಏಳುತ್ತಿರಲಿಲ್ಲ. ಕ್ರಾಕೋವ್‌ನವನದು ಉಲ್ಟಾ. ಮೊದಲು ‘ಅಸಾಧ್ಯ’ ಎನ್ನುವನು, ಆಮೇಲೆ ಕಾರಣಗಳನ್ನು ಪಟ್ಟಿ ಮಾಡುವನು, ಗುರುವಾರ ಸಂಜೆ ಸದ್ದಿಲ್ಲದೆ ಮುಗಿಸಿರುವನು. ಸಿನ್ಸಿನಾಟಿಯಾತ ಎಲ್ಲದಕ್ಕೂ ‘ಆಸಮ್’ ಎಂದು ಹೇಳಿ ಮರೆತುಬಿಡುವನು. ಬೆಂಗಳೂರಿನ ನಮ್ಮ ಹುಡುಗರದು ಗೊತ್ತೇ ಇದೆ: ‘ಟ್ರೈ ಮಾಡ್ತೀನಿ ಸಾರ್.’

ಒಂದು ಸಂಜೆ ನಾನು ಅಟ್ಟ ಇಳಿದು ಬರುವಾಗ ಅಪ್ಪ ಕೇಳಿದರು. ‘ಆ ಹುಡುಗಿ ಶುಕ್ರವಾರ ಅಂದ್ಲಲ್ಲ, ಪ್ರೈವೇಟ್ ನಂಬರ್ ಕೊಟ್ಟಳೇನು?’

ರೈಲ್ವೆಯಲ್ಲಿ ಬರೀ ಬಾಯಿಮಾತಿಗೆ ಬೆಲೆಯಿಲ್ಲ. ಗೇಟ್‌ಮನ್ ಫೋನಿನಲ್ಲಿ ‘ಗೇಟ್ ಹಾಕಿದೀನಿ ಸಾರ್’ ಎಂದರೆ ಸಾಲದು, ತನ್ನ ಹಾಳೆಯಲ್ಲಿರುವ ಮುಂದಿನ ಸಂಖ್ಯೆಯನ್ನು ಹೇಳಬೇಕು. ಹಾಳೆಯ ಸಂಖ್ಯೆಗಳು ಕ್ರಮವಾಗಿರುವುದಿಲ್ಲ, 47 ಆದಮೇಲೆ 12, ಅದಾದಮೇಲೆ 83. ಮಾಸ್ಟರು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡ ಮೇಲೇ ಸಿಗ್ನಲ್ಲು ಬೀಳುವುದು. ಸಂಖ್ಯೆ ಕೊಟ್ಟ ಮೇಲೆ ‘ನಾನು ಹಾಗಂದಿರಲಿಲ್ಲ’ ಎನ್ನುವಂತಿಲ್ಲ. ಇನ್ನು ಒಂಟಿ ಹಳಿಯ ಕಾಲದಲ್ಲಿ ಎರಡು ಸ್ಟೇಷನ್ನಿನ ನಡುವೆ ಗಾಡಿ ಬಿಡಲು ಉಕ್ಕಿನ ಗುಂಡೇ ಬೇಕಿತ್ತು. ಎರಡೂ ಕಡೆಯ ಮಾಸ್ಟರುಗಳು ಒಪ್ಪಿ ಗಂಟೆ ಒತ್ತದಿದ್ದರೆ ನೀಲ್ಸ್ ಯಂತ್ರದ ಹೊಟ್ಟೆಯಿಂದ ಗುಂಡು ಹೊರಗೆ ಬಾರದು, ಒಂದು ಬಂದಿದ್ದರೆ ಇನ್ನೊಂದು ಬಾರದು. ಆ ಗುಂಡನ್ನು ಚೀಲಕ್ಕೆ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡುವ ಎಂಜಿನ್ನಿನ ಡ್ರೈವರ್ ತೋಳಿಗೆ ಸಿಕ್ಕಿಸುವುದನ್ನು ನಾನು ಹುಡುಗನಾಗಿದ್ದಾಗ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಬೆತ್ತದ ಬಳೆ ಖಲಾಸಿಯ ಕೈಯಿಂದ ಡ್ರೈವರನ ತೋಳಿಗೆ ಹೋಗುವ ಆ ಕ್ಷಣದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಬಳೆಯನ್ನೇ ನೋಡುತ್ತಿದ್ದರು. ಈಗ ಜೋಡಿ ಹಳಿ, ತಲೆಯ ಮೇಲೆ ಕರೆಂಟು ತಂತಿ. ಬಳೆಗಳು ಎಲ್ಲಿ ಹೋದವೋ.

ಅಪ್ಪ ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಡೈರಿಯ ಹಾಳೆ ಹರಿದು, ಎರಡಂಕಿಯ ಸಂಖ್ಯೆಗಳನ್ನು ಚೆಲ್ಲಾಪಿಲ್ಲಿ ಬರೆದು, ಊರಿಗೊಂದರಂತೆ ನಾಲ್ಕು ಪಟ್ಟಿ ಮಾಡಿಕೊಟ್ಟರು. ತಮಾಷೆಗೆಂದು ನಾನೂ ಅದನ್ನು ಮೀಟಿಂಗಿನಲ್ಲಿ ಹೇಳಿದೆ. ‘ನಮ್ಮ ತಂದೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ಇನ್ನು ಮುಂದೆ ಯಾರು ಏನು ಮಾಡುತ್ತೇನೆಂದರೂ ಒಂದು ನಂಬರ್ ಕೊಡಬೇಕಂತೆ.’ ಸಿನ್ಸಿನಾಟಿಯಾತ ಆಸಮ್ ಎಂದ. ಕ್ರಾಕೋವ್‌ನವನು ಮೊದಲ ಬಾರಿಗೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸಂಖ್ಯೆಗಳು ಕ್ರಮವಾಗಿದ್ದರೆ ಏನು ತೊಂದರೆ ಎಂದು ಕೇಳಿದ. ಕ್ರಮವಾಗಿದ್ದರೆ ಮುಂದಿನದನ್ನು ಯಾರು ಬೇಕಾದರೂ ಊಹಿಸಿಯಾರು ಎಂದೆ. ಆತನಿಗೆ ರೈಲಿನ ಹುಚ್ಚು ಮೊದಲಿನಿಂದಲೂ ಇತ್ತು. ಮೀಟಿಂಗಿನ ನಡುವೆ ನಮ್ಮ ಸ್ಟೇಷನ್ನಿನಿಂದ ಹಾರನ್ ಕೇಳಿಸಿದರೆ ಬಿಲ್ಲಿನ ಮಾತು ಬಿಟ್ಟು, ಯಾವ ಎಂಜಿನ್ ಎಂದು ವಿಚಾರಿಸುವನು. ಹುಬ್ಬಳ್ಳಿ ಶೆಡ್ಡಿನ ಡೀಸೆಲ್ಲು, ಮೂಲ ವಿನ್ಯಾಸ ಅಮೆರಿಕದ ಜನರಲ್ ಮೋಟರ್ಸ್‌ನದು, ಕಟ್ಟಿದ್ದು ವಾರಾಣಸಿಯಲ್ಲಿ ಎಂದು ಅಪ್ಪ ಕೆಳಗಿನಿಂದ ಕೂಗಿ ಹೇಳುತ್ತಿದ್ದರು. ನಾನು ಅದನ್ನು ಸಮುದ್ರದಾಚೆಗೆ ದಾಟಿಸುತ್ತಿದ್ದೆ.

ನಂಬರಿನ ಆಟ ಕೆಲವು ದಿನದಲ್ಲೇ ಆಟವಾಗಿ ಉಳಿಯಲಿಲ್ಲ. ತಿಂಗಳ ಕೊನೆ, ಲೆಕ್ಕ ಮುಗಿಸುವ ಒತ್ತಡ. ಬುಧವಾರಕ್ಕೆ ಆಗುತ್ತಾ ಎಂದು ಮನಿಲಾವನ್ನು ಕೇಳಿದೆ. ‘ಯೆಸ್ ಸಾರ್.’ ನಂಬರ್? ಆ ಕಡೆ ಸದ್ದಿಲ್ಲ. ನೆಟ್ ಹೋಯಿತೇನೋ ಎಂದುಕೊಂಡೆ. ಇಲ್ಲ, ಅವಳ ಕಣ್ಣು ರೆಪ್ಪೆ ಬಡಿಯುತ್ತಿದೆ. ‘ಸಾರ್... ನಂಬರ್ ಶುಕ್ರವಾರ ಕೊಡಲೇ?’ ಎಂದಳು. ಮೇಲಿನವನ ಮುಖಕ್ಕೆ ‘ಆಗುವುದಿಲ್ಲ’ ಎನ್ನುವುದು ಅವಳ ಸಂಸ್ಕಾರದಲ್ಲಿ ಇರಲಿಲ್ಲ. ನಂಬರನ್ನು ಕೈಯಲ್ಲೇ ಇಟ್ಟುಕೊಳ್ಳುವುದಕ್ಕೆ ಮಾತ್ರ ಯಾವ ಸಂಸ್ಕಾರವೂ ಅಡ್ಡ ಬರಲಿಲ್ಲ. 94 ಅಂಕದ ಗೋಡೆಯಲ್ಲಿ ಒಂದು ಕಿಟಕಿ ತೆರೆದಂತಾಯಿತು. ಬುಧವಾರದ ಮಾತು ಬಿಟ್ಟು, ಎಷ್ಟು ಜನ ಬೇಕು, ಏನು ತೊಡಕು ಎಂದು ಮಾತಾಡಿದೆವು. ತರಬೇತಿಗೆ ಕಂಪನಿ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಅಪ್ಪನಿಗೆ ಸಲ್ಲಬೇಕಿತ್ತು. ಅವರು ಕೇಳಿದ್ದು ನೂರು ಗ್ರಾಂ ಮಂಡಕ್ಕಿ, ಎರಡು ಮಿರ್ಚಿ.

ರಜೆಯ ವಿಚಾರ ಬಂದಾಗ ಮಾತ್ರ ಅಪ್ಪನ ರೂಲು ಪುಸ್ತಕವೂ ಸೋತಿತು. ಪೋಲೆಂಡಿನ ಕಾನೂನಿನ ಪ್ರಕಾರ ವರ್ಷದ ರಜೆಯಲ್ಲಿ ಒಂದು ಕಂತಾದರೂ ಸತತ 14 ದಿನ ಇರಬೇಕು. ಕ್ರಾಕೋವ್‌ನವನು ಆಗಸ್ಟಿನಲ್ಲಿ ಬೆಟ್ಟ ಹತ್ತಲು ಹೋದನೆಂದರೆ ಭೂಮಿ ಬಾಯಿಬಿಟ್ಟರೂ ಫೋನ್ ಎತ್ತುವವನಲ್ಲ. ಫ್ರಾನ್ಸಿನಲ್ಲಂತೂ ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕಿಗೆ 2017ರಿಂದ ಕಾಯಿದೆಯೇ ಇದೆ. ನಮ್ಮ ಬೆಂಗಳೂರಿನ ಹುಡುಗ ರಜೆಯಲ್ಲೂ ಧಾರೆಮಂಟಪದಿಂದ ಇಮೇಲ್ ಕಳಿಸಿ ‘ಸಾರ್ ಮುಹೂರ್ತ ಆಗ್ತಿದೆ, ಹತ್ತು ನಿಮಿಷ ಬಿಟ್ಟು ಬರ್ತೀನಿ’ ಎನ್ನುವನು. ಸಾವಿನ ರಜೆಗೆ ಕಂಪನಿಯ ತಂತ್ರಾಂಶದಲ್ಲಿ ಒಂದು ಪಟ್ಟಿಯಿತ್ತು: ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರು. ನಮ್ಮ ಹುಡುಗನೊಬ್ಬನ ಸೋದರಮಾವ ತೀರಿಕೊಂಡಾಗ ಒತ್ತುವುದಕ್ಕೆ ಗುಂಡಿಯಿಲ್ಲ. ‘ಹತ್ತಿರದ ಸಂಬಂಧವೇ?’ ಎಂದು ಮಾನವ ಸಂಪನ್ಮೂಲದವರು ಬರೆದು ಕೇಳಿದರು. ತೊಟ್ಟಿಲಿಗೆ ಹಾಕಿದವನು, ಕೂದಲು ತೆಗೆಸುವಾಗ ತೊಡೆಯ ಮೇಲೆ ಕೂರಿಸಿಕೊಂಡವನು, ಸಾಲ ಮಾಡಿ ಓದಿಸಿದವನು, ಹತ್ತಿರವೋ ದೂರವೋ ನೀವೇ ಅಳೆಯಿರಿ ಎಂದು ಬರೆಯಬೇಕೆನಿಸಿತು. ‘ತಂದೆಗೆ ಸಮಾನ’ ಎಂದು ಬರೆದೆ. ರಜೆ ಸಿಕ್ಕಿತು.

ಮನಿಲಾದ ಮಳೆಯ ಕತೆಯೊಂದಿದೆ, ಅದು ಇದಕ್ಕೆಲ್ಲ ಮೊದಲಿನದು. 2020ರ ನವೆಂಬರ್ 12ರಂದು ಮನಿಲಾದ ಮೇಲೆ ಯುಲಿಸಿಸ್ ಎಂದು ಅವರು ಹೆಸರಿಟ್ಟಿದ್ದ ಚಂಡಮಾರುತ ಬಡಿಯಿತು. ಮರಿಕಿನಾ ಹೊಳೆ ಉಕ್ಕಿ ಮನೆಗಳ ಮಾಡು ಮುಟ್ಟಿತು. ಆ ಹೆಣ್ಣುಮಗಳ ಮನೆ ಇದ್ದದ್ದು ಅಲ್ಲೇ. ಮೀಟಿಂಗಿನಲ್ಲಿ ಅವಳ ಚೌಕ ಕಪ್ಪಾಗಿತ್ತು. ಕೆಳಗೆ ಬಂದು ‘ಮನಿಲಾದಲ್ಲಿ ಭಾರೀ ಮಳೆಯಂತೆ’ ಎಂದೆ. ಅಮ್ಮ ರೊಟ್ಟಿ ತಟ್ಟುತ್ತಲೇ, ‘ಪುಣ್ಯವಂತರು’ ಎಂದರು. ಅವರ ತಪ್ಪೇನಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಮಳೆ ಎಂದರೆ ಬೋರ್‌ವೆಲ್ಲಿಗೆ ಜೀವ, ಅಡಿಕೆ ತೋಟ ಇನ್ನೊಂದು ವರ್ಷ ಉಳಿಯುತ್ತದೆ ಎಂಬ ಭರವಸೆ. ಮೂರನೆಯ ದಿನ ಯಾರದೋ ಫೋನಿನಿಂದ ಸಂದೇಶ ಬಂತು. ಮಹಡಿಯ ಮೇಲಿದ್ದೇವೆ, ಎಲ್ಲರೂ ಕ್ಷೇಮ, ಲ್ಯಾಪ್‌ಟಾಪ್ ನೀರಿನಲ್ಲಿ ಹೋಯಿತು, ಕ್ಷಮಿಸಿ. ಕ್ಷಮೆ ಕೇಳಿದ್ದು ಲ್ಯಾಪ್‌ಟಾಪಿಗೆ!

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹಿಂದೆ ಬಿದ್ದಿದ್ದು 1933ರಲ್ಲಿ. ಜಿಲ್ಲೆಗೆ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ನೋಡಲು ಹೊರಟಿತು, ನಾವೂ ಹೋದೆವು. ಕೋಡಿಯ ಮೇಲೆ ನೀರು ಧುಮುಕುವುದನ್ನೂ, ಅದರ ಎದುರು ಜನ ಸಿಳ್ಳೆ ಹೊಡೆದು ಕುಣಿಯುವುದನ್ನೂ ವಿಡಿಯೋ ಮಾಡಿ ಹೆಮ್ಮೆಯಿಂದ ತಂಡದ ಗುಂಪಿಗೆ ಹಾಕಿದೆ. ಸಿನ್ಸಿನಾಟಿಯಿಂದ ಹೆಬ್ಬೆರಳು ಬಂತು. ಮನಿಲಾದಿಂದ ಮರುಕ್ಷಣವೇ ಪ್ರಶ್ನೆ: ‘ಸಾರ್, ಎಲ್ಲರೂ ಎತ್ತರದ ಜಾಗಕ್ಕೆ ಹೋದಿರಾ? ತಂದೆಯವರು ಎಲ್ಲಿದ್ದಾರೆ?’ ಅಪ್ಪ ಕೋಡಿಯ ಪಕ್ಕದಲ್ಲೇ ನಿಂತು ಕಡಲೆಕಾಯಿ ತಿನ್ನುತ್ತಿದ್ದರು. ಆ ಪ್ರಶ್ನೆಯನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನದೆ, ಆಮೇಲೆ, ‘ಕ್ಷೇಮ ಅಂತ ಹಾಕು. ನಂಬರ್ ಐವತ್ತಾರು’ ಅಂದರು.

ಅದಾದ ಮೇಲೆ ಒಂದು ದಿನ ಕಂಪನಿಗೆ ಹೊಸ ನಕ್ಷೆ ಬರೆಯುವ ಹುಮ್ಮಸ್ಸು ಬಂತು. ಪೆಟ್ಟಿಗೆಗಳು, ಬಾಣಗಳು, ಚುಕ್ಕೆಗೆರೆಗಳು. ಮನಿಲಾ ಮತ್ತು ಕ್ರಾಕೋವ್ ಕ್ವಾಲಾಲಂಪುರದ ಹೊಸ ಮ್ಯಾನೇಜರನ ಕೆಳಗೆ. ಸಿನ್ಸಿನಾಟಿಯಾತನಿಗೆ ಬೇರೆ ವಿಭಾಗ. ನನಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡ, ವಾರಕ್ಕೆ ಮೂರು ದಿನ ಹಾಜರಿ. ಕೊನೆಯ ಮೀಟಿಂಗು ಬೇಗ ಮುಗಿಯಿತು. ‘ಟಚ್‌ನಲ್ಲಿರೋಣ’ ಎಂದು ಎಲ್ಲರೂ ಅಂದೆವು. ಯಾರೂ ನಂಬರ್ ಕೊಡಲಿಲ್ಲ. ಕ್ರಾಕೋವ್‌ನವನು ಮಾತ್ರ, ಚಿಕ್ಕಜಾಜೂರಿಗೆ ಬಂದರೆ ಆ ಉಕ್ಕಿನ ಗುಂಡಿನ ಯಂತ್ರ ನೋಡಲು ಸಿಗುತ್ತದೆಯೇ ಎಂದು ಕೇಳಿದ. ಈಗಿಲ್ಲ ಎಂದೆ. ‘ನಾಟ್ ಗುಡ್’ ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಶೋಕವಾಕ್ಯವನ್ನು ನಾನು ಕೇಳಿರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದರು. ‘ಚಾರ್ಜ್ ಕೊಟ್ಟೆಯಾ?’

‘ಕೊಡ್ತಾ ಇದೀನಿ. ಫಾರಂ ತುಂಬಬೇಕು.’

‘ಆ ಹುಡುಗಿ ಮನೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತೆ ಅಂತ ಬರೆದ್ಯಾ?’

ರೈಲ್ವೆಯಲ್ಲಿ ಒಬ್ಬ ಮಾಸ್ಟರು ಇನ್ನೊಬ್ಬನಿಗೆ ಚಾರ್ಜ್ ಕೊಡುವಾಗ ಡೈರಿಯಲ್ಲಿ ಎಲ್ಲವನ್ನೂ ಬರೆಯಬೇಕು. ಯಾವ ಪಾಯಿಂಟು ಗಡುಸಾಗಿದೆ, ಯಾವ ಲೈನಿನಲ್ಲಿ ವ್ಯಾಗನ್ ನಿಂತಿದೆ, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಬೇಕು. ನನ್ನ ಫಾರಂ ತೆರೆದು ನೋಡಿದೆ. ಬಾಕಿ ಬಿಲ್ಲುಗಳಿಗೆ ಅಂಕಣವಿತ್ತು, ಪಾಸ್‌ವರ್ಡಿಗೆ ಅಂಕಣವಿತ್ತು, ಕೆಲಸದ ಮಾಪನಗಳಿಗೆ ಮೂರು ಅಂಕಣಗಳಿದ್ದವು. ಹುಡುಕಿ ಹುಡುಕಿ ಕೊನೆಗೆ ‘ರಿಸ್ಕ್’ ಎಂಬ ಅಂಕಣದಲ್ಲಿ ಬರೆದೆ: ಮರಿಕಿನಾ ಹೊಳೆ ಏರಿದಾಗ ತಂಡದ ಮುಖ್ಯಸ್ಥೆಗೆ ಫೋನ್ ಮಾಡಿ ಕ್ಷೇಮ ವಿಚಾರಿಸತಕ್ಕದ್ದು. ಅವಳು ಯೆಸ್ ಅಂದರೆ ನಂಬರ್ ಕೇಳತಕ್ಕದ್ದು.

ಕ್ವಾಲಾಲಂಪುರದಿಂದ ಮಾರನೆಯ ದಿನವೇ ಉತ್ತರ ಬಂತು. ಬಹಳ ಅಚ್ಚುಕಟ್ಟಾದ ಮನುಷ್ಯನಿರಬೇಕು. ಬೇರೆ ಎಲ್ಲಕ್ಕೂ ಒಪ್ಪಿಗೆ ಹಾಕಿ, ಆ ಒಂದು ಸಾಲಿನ ಎದುರು ಮಾತ್ರ ಕೇಳಿದ್ದ: ಈ ರಿಸ್ಕಿನ ಓನರ್ ಯಾರು, ಕ್ಲೋಸ್ ಮಾಡುವ ದಿನಾಂಕ ಯಾವುದು?

ಓನರ್ ಜಾಗದಲ್ಲಿ ಅಪ್ಪನ ಹೆಸರು ಹಾಕಿ, ದಿನಾಂಕ ಖಾಲಿ ಬಿಟ್ಟು ಕಳಿಸಿದೆ.